ಜಿಪಿಎಸ್ ಗೆರೆಗೆ ನೀರಿನ ಲೆಕ್ಕ ಗೊತ್ತಿಲ್ಲ

ಜುಲೈ ಕೊನೆಗೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಬೋಟುಗಳು ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಹೊರಗೆ ಹೋಗುತ್ತವೆ. ಆಮೇಲೆ ಸ್ವಲ್ಪ ದಿನಕ್ಕೇ ಕರಾವಳಿಯ ಯಾವುದಾದರೂ ಒಂದು ಬಂದರಿನಿಂದ ನನಗೆ ಫೋನ್ ಬರುತ್ತದೆ. ಬೋಟ್ ಕಲ್ಲಿಗೆ ಬಡಿದಿದೆ, ಬಂದು ನೋಡಿ. ನಾನು ವಿಮೆ ಸರ್ವೇಯರ್. ಬೋಟ್ ಓಡಿಸುವುದು ನನ್ನ ಕೆಲಸ ಅಲ್ಲ, ಒಡೆದ ಬೋಟ್ ನೋಡುವುದು ನನ್ನ ಕೆಲಸ. ಹಾಗಾಗಿ ಕೆಳಗೆ ಬರೆದದ್ದನ್ನು ಓದಿ ಯಾರೂ ತಮ್ಮ ಬಂದರಿನ ದಾರಿ ಬದಲಾಯಿಸಬೇಡಿ. ಅದಕ್ಕೆ ಬಂದರು ಇಲಾಖೆಯವರಿದ್ದಾರೆ, ಊರಿನ ಹಿರಿಯ ತಾಂಡೇಲರು, ಅಂದರೆ ಬೋಟ್ ನಡೆಸುವವರು, ಇದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಅದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಕಲ್ಲಿಗೆ ಬಡಿದ ಬೋಟಿನ ತಾಂಡೇಲರು ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಒಂದೇ ಮಾತು. "ಸಾಹೇಬ್ರೆ, ಗೆರೆ ಬಿಟ್ಟು ಒಂದು ಮಾರು ಆಚೀಚೆ ಹೋಗಿಲ್ಲ. ಬೇಕಾದ್ರೆ ನೋಡಿ." ಜಿಪಿಎಸ್ ತೋರಿಸುತ್ತಾರೆ. ನಿಜ, ಹೋದ ಸಲ ಹೋದ ದಾರಿ ಅದರಲ್ಲಿ ಗೆರೆಯಾಗಿ ಉಳಿದಿದೆ. ಇವತ್ತಿನ ಗೆರೆ ಅದರ ಮೇಲೆಯೇ ಕೂತಿದೆ. ಕೆಲವು ಕಡೆ ಎರಡು ಗೆರೆ ಅಂತ ಗೊತ್ತೇ ಆಗುವುದಿಲ್ಲ. ಮನುಷ್ಯ ಸುಳ್ಳು ಹೇಳುತ್ತಿಲ್ಲ. ಆದರೆ ಆ ಗೆರೆಯಲ್ಲಿ ಇಲ್ಲದ ಒಂದು ಸಂಗತಿ ಇದೆ. ಅವತ್ತು ಅಲ್ಲಿ ನೀರು ಎಷ್ಟಿತ್ತು, ಇವತ್ತು ಎಷ್ಟಿದೆ ಅನ್ನುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೊತ್ತಿರುವವರು ಬೇಜಾರು ಮಾಡಿಕೊಳ್ಳಬೇಡಿ. ಗೊತ್ತಿದೆ ಅಂತ ಹೇಳಿದವರ ಬೋಟನ್ನೇ ನಾನು ಜಾಸ್ತಿ ನೋಡಿದ್ದು.

ಕಡಲಿನ ನಕ್ಷೆಯಲ್ಲಿ ಬರೆದಿರುವ ಆಳ ಇವತ್ತಿನ ಆಳ ಅಲ್ಲ. ಅದು ನೀರು ತುಂಬಾ ಕೆಳಗೆ ಇಳಿದಾಗ ಎಷ್ಟು ಉಳಿಯುತ್ತದೋ ಆ ಆಳ. ಸರ್ಕಾರಿ ನೌಕರರಿಗೆ ನಾನು ಹೀಗೆ ಹೇಳುತ್ತೇನೆ: ನಕ್ಷೆಯ ಅಂಕಿ ಮೂಲ ವೇತನ, ಭರತದಲ್ಲಿ ಏರಿ ಬರುವ ನೀರು ಭತ್ಯೆ. ಕೈಗೆ ಬರುವುದು ಎರಡೂ ಸೇರಿ. ಆ ಕೆಳಮಟ್ಟವನ್ನು ನಿಗದಿ ಮಾಡಲು ಭಾರತದ ಬಂದರುಗಳಿಗೆಂದೇ ಒಂದು ಲೆಕ್ಕ ಕಟ್ಟಿಕೊಟ್ಟವರು ಜಾರ್ಜ್ ಡಾರ್ವಿನ್. ಮಂಗನಿಂದ ಮಾನವ ಅಂತ ನಾವು ಶಾಲೆಯಲ್ಲಿ ಕೇಳಿದ ಡಾರ್ವಿನ್ ಇದ್ದಾರಲ್ಲ, ಅವರ ಮಗ. ಕೆಲವು ದಿನ ನೀರು ಆ ಮಟ್ಟಕ್ಕಿಂತಲೂ ಕೆಳಗೆ ಹೋಗುವುದುಂಟು. ಆಗ ಭರತ-ಇಳಿತದ ಪಟ್ಟಿಯಲ್ಲಿ ಅಂಕಿಗೆ ಮೈನಸ್ ಗುರುತು ಇರುತ್ತದೆ. ಆ ಮೈನಸ್ಸನ್ನು ಅಚ್ಚಿನ ದೋಷ ಅಂದುಕೊಂಡವರೂ ಇದ್ದಾರೆ.

ಈಗ ಲೆಕ್ಕ ಮಾಡೋಣ. ಬಂದರಿನ ಬಾಯಿಯಲ್ಲಿ ಒಂದು ಕಲ್ಲು ಇದೆ ಅಂತಿಟ್ಟುಕೊಳ್ಳಿ. ನಕ್ಷೆಯಲ್ಲಿ ಅದರ ಮೇಲಿನ ಆಳ 1.2 ಮೀಟರ್. ನಿಮ್ಮ ಟ್ರಾಲ್ ಬೋಟಿಗೆ ಬೇಕಾದ ನೀರು 2 ಮೀಟರ್. ಅಷ್ಟಮಿಯ ದಿನ ಬೆಳಗಿನ ಜಾವ ಐದಕ್ಕೆ ನೀವು ಹೊರಟಿರಿ. ಆಗ ಭರತ, ಪಟ್ಟಿಯಲ್ಲಿ 1.4 ಅಂತ ಇದೆ. ಒಟ್ಟು 2.6. ಕಲ್ಲಿನ ಮೇಲಿಂದ ಆರಾಮವಾಗಿ ಹೋದಿರಿ. ಅಲ್ಲಿ ಕಲ್ಲು ಇದೆ ಅಂತಲೇ ನಿಮಗೆ ಗೊತ್ತಾಗಲಿಲ್ಲ. ಜಿಪಿಎಸ್‌ನಲ್ಲಿ ಗೆರೆ ಉಳಿಯಿತು. ಒಂದು ವಾರ ಬಿಟ್ಟು ಅಮಾವಾಸ್ಯೆ. ಅದೇ ಬೋಟ್, ಅದೇ ಗೆರೆ, ಅದೇ ಬೆಳಗಿನ ಐದು ಗಂಟೆ. ಈಗ ಇಳಿತ. ಪಟ್ಟಿಯಲ್ಲಿ 0.3. ಒಟ್ಟು ಒಂದೂವರೆ ಮೀಟರ್. ಬೋಟಿಗೆ ಬೇಕಾದದ್ದು ಎರಡು. ಇನ್ನು ಹೇಳುವುದೇನಿದೆ?

"ಅದೇ ಹೊತ್ತಿಗೆ ಹೋಗಿದ್ದೆನಲ್ಲ" ಅನ್ನುವವರಿಗೆ ಇಲ್ಲೇ ಎಡವಟ್ಟಾಗುವುದು. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಅದು ಆರು ಗಂಟೆಯ ಹತ್ತಿರ. ಭರತದಿಂದ ಇಳಿತಕ್ಕೂ ಆರು ಗಂಟೆ ಚಿಲ್ಲರೆ. ಅಂದರೆ ಹೋದ ವಾರ ನೀರು ತುಂಬಿದ್ದ ಗಂಟೆಯಲ್ಲಿ ಈ ವಾರ ನೀರು ಖಾಲಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡ ಇಳಿತ ಬೀಳುವುದು ಸಾಮಾನ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ. ಬೋಟುಗಳು ಹೋಗುವ ಬರುವ ಹೊತ್ತೂ ಅದೇ, ಅಲ್ವಾ?

ಇದರ ಮೇಲೆ ಇನ್ನೂ ಎರಡು ಖರ್ಚುಗಳಿವೆ. ಒಂದು ಅಲೆ. ನೀರಿನ ಲೆಕ್ಕ ಸಮತಟ್ಟಾದ ಕಡಲಿಗೆ. ಒಂದು ಮೀಟರ್ ಎತ್ತರದ ಅಲೆ ಇದ್ದರೆ, ಎರಡು ಅಲೆಯ ನಡುವಿನ ತಗ್ಗಿನಲ್ಲಿ ಅರ್ಧ ಮೀಟರ್ ನೀರು ಕಡಿಮೆ. ಬೋಟ್ ಆ ತಗ್ಗಿಗೆ ಇಳಿದಾಗಲೇ ಕಲ್ಲು ಸಿಗುವುದು. ಇನ್ನೊಂದು ಭಾರ. ಮೀನು, ಮಂಜುಗಡ್ಡೆ ತುಂಬಿದ ಬೋಟ್ ಇನ್ನಷ್ಟು ತಗ್ಗಿ ಕೂರುತ್ತದೆ. ಒಳ್ಳೆ ಮೀನು ಸಿಕ್ಕಿದ ದಿನವೇ ಬೋಟಿಗೆ ನೀರು ಜಾಸ್ತಿ ಬೇಕು. ಒಳ್ಳೆ ಮೀನು ಸಿಕ್ಕಿದ ದಿನವೇ ಬಂದರಿನ ದಕ್ಕೆಗೆ ಬೇಗ ಮುಟ್ಟಬೇಕು ಅನ್ನುವ ಅವಸರವೂ ಜಾಸ್ತಿ.

ಒಮ್ಮೆ ಒಬ್ಬ ಮಾಲೀಕರು ಸಿಟ್ಟಾಗಿ ಕೇಳಿದರು: "ಫಿಶ್ ಫೈಂಡರಿಗೆ ಅಷ್ಟು ದುಡ್ಡು ಸುರಿದಿದ್ದೇನೆ, ಅದು ಯಾಕೆ ಹೇಳಲಿಲ್ಲ?" ಫಿಶ್ ಫೈಂಡರ್ ಅಂದರೆ ಬೋಟಿನ ಕೆಳಗಿನ ಮೀನು, ಆಳ ತೋರಿಸುವ ಯಂತ್ರ. ಅದು ಹೇಳಿತ್ತು ಸ್ವಾಮಿ. ಬೋಟಿನ ಅಡಿಯಲ್ಲಿ ಏನಿದೆ ಅಂತ ಹೇಳಿತ್ತು. ಅದು ಮುಂದೆ ನೋಡುವ ಯಂತ್ರ ಅಲ್ಲ. ಮರಳಿನ ತಳ ನಿಧಾನಕ್ಕೆ ಏರುತ್ತದೆ, ಅಂಕಿ ಕಡಿಮೆಯಾಗುವುದು ಕಾಣುತ್ತದೆ, ಎಂಜಿನ್ ಹಿಂದಕ್ಕೆ ಹಾಕಲು ಸಮಯ ಸಿಗುತ್ತದೆ. ಕಲ್ಲು ಹಾಗಲ್ಲ, ನೆಟ್ಟಗೆ ಏಳುತ್ತದೆ. ಅಂಕಿ ಬದಲಾಗುವ ಹೊತ್ತಿಗೆ ಬೋಟಿನ ತಳದ ಕೀಲ್ ಅದರ ಮೇಲಿರುತ್ತದೆ. ಅದೂ ಅಲ್ಲದೆ ಆ ಯಂತ್ರದಲ್ಲಿ ಮೀಟರ್, ಅಡಿ, ಮಾರು ಮೂರೂ ಇರುತ್ತವೆ. ಹಿಂದಿನ ತಾಂಡೇಲ ಮಾರಿನಲ್ಲಿ ಇಟ್ಟು ಹೋಗಿರುತ್ತಾನೆ, ಹೊಸಬ ಮೀಟರ್ ಅಂದುಕೊಂಡು ಓಡಿಸುತ್ತಾನೆ. ಆಗ ಪರವಾಗಿಲ್ಲ, ಮಾರು ದೊಡ್ಡದು, ನೀರು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಅಡಿ ಲೆಕ್ಕದಲ್ಲಿ ಇಟ್ಟಿದ್ದನ್ನು ಮೀಟರ್ ಅಂದುಕೊಂಡರೆ ಕಥೆ ಬೇರೆ.

ನಕ್ಷೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡಲಿನ ನಕ್ಷೆಗಳನ್ನು ಮಾಡುವ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ, ಹಿಮಾಲಯದ ಬುಡದಲ್ಲಿ. ಇದನ್ನು ಕೇಳಿ ಬಂದರಿನವರೆಲ್ಲ ನಗುತ್ತಾರೆ. ನಗಲಿ. ಆದರೆ ಆ ನಕ್ಷೆಯಲ್ಲಿ ಪ್ಲಸ್ ಗುರುತು ಅಂದರೆ ನೀರಿನಡಿಯ ಕಲ್ಲು, ನಕ್ಷತ್ರದಂಥ ಗುರುತು ಅಂದರೆ ಮುಳುಗಿ ಏಳುವ ಕಲ್ಲು, ಅಂಕಿಯ ಕೆಳಗೆ ಗೆರೆ ಇದ್ದರೆ ಅದು ಆಳ ಅಲ್ಲ, ಇಳಿತದಲ್ಲಿ ಕಲ್ಲು ನೀರಿನಿಂದ ಎಷ್ಟು ಮೇಲೆ ಏಳುತ್ತದೆ ಅನ್ನುವ ಲೆಕ್ಕ. ಇಷ್ಟಾದರೂ ಗೊತ್ತಿರಬೇಕು. ಪರದೆಯ ಮೇಲೆ ನಕ್ಷೆಯನ್ನು ಚಿಕ್ಕದು ಮಾಡಿಟ್ಟರೆ ಈ ಗುರುತುಗಳು ಕೆಲವು ಮಾಯವಾಗುತ್ತವೆ. ಕಲ್ಲು ಮಾಯವಾಗುವುದಿಲ್ಲ.

ಮೇಲೆ ಕಾಣುವ ಬಂಡೆ ಯಾರನ್ನೂ ಮೋಸ ಮಾಡುವುದಿಲ್ಲ. ಕಾರವಾರವನ್ನೇ ನೋಡಿ. ಬಂದರಿನ ಎದುರಿಗೆ ದೇವಗಡ, ಆಚೆ ಕೂರ್ಮಗಡ, ಅಂಜುದೀವ್ ದ್ವೀಪಗಳು. ಆಯ್ಸ್ಟರ್ ರಾಕ್ ಅಂತ ನಕ್ಷೆಯಲ್ಲಿರುವ ಜಾಗದಲ್ಲಿ ದೀಪಸ್ತಂಭ ಕಟ್ಟಿದ್ದು 1864ರಲ್ಲಿ. ಆ ದೀಪ ಹೇಳುವುದು ದ್ವೀಪ ಎಲ್ಲಿದೆ ಅಂತ. ಅದರ ಕಾಲಬುಡದಲ್ಲಿ ನೀರಿನಡಿ ಹಾಸಿಕೊಂಡಿರುವ ಒಂದೊಂದು ಕಲ್ಲಿನ ಮೇಲೂ ದೀಪ ಇಡಲು ಆಗುತ್ತದೆಯೇ? 2006ರ ಮೇ ಕೊನೆಗೆ, ಮಳೆಗಾಲ ಶುರುವಾಗುವ ಹೊತ್ತಿಗೆ, 'ಓಷನ್ ಸೆರಾಯಾ' ಎಂಬ ಸರಕು ಹಡಗು ಅಲ್ಲೇ ಬಂಡೆಗೆ ಸಿಕ್ಕಿತು. ಸುಮಾರು 650 ಟನ್ ಎಣ್ಣೆ ಚೆಲ್ಲಿ ಗೋವಾದ ಮರಳಿನವರೆಗೂ ಹೋಯಿತು. ಆ ಹಡಗಿನ ಕಥೆ ಬೇರೆ, ಅದು ಭರತ-ಇಳಿತದ ತಪ್ಪು ಅಂತ ನಾನು ಹೇಳುತ್ತಿಲ್ಲ. ದೀಪ ಇದ್ದ ಮಾತ್ರಕ್ಕೆ ಕಲ್ಲು ಬಿಟ್ಟುಬಿಡುವುದಿಲ್ಲ, ಅಷ್ಟೇ.

ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯವರಿಗೆ ಕೊಲಾಬಾ ಗೊತ್ತಿರುತ್ತದೆ. ಅದರ ದಕ್ಷಿಣದ ತುದಿಯಿಂದ ಕಡಲಿಗೆ ಚಾಚಿಕೊಂಡ ಬಂಡೆಸಾಲು ಪ್ರಾಂಗ್ಸ್ ರೀಫ್. ಬಂದರಿಗೆ ಬರುವ ಹಡಗುಗಳಿಗೆ ಎಚ್ಚರಿಕೆ ಅಂತ 1875ರಿಂದ ಅಲ್ಲಿ ದೀಪಸ್ತಂಭ ಇದೆ. ಭರತ-ಇಳಿತ ಅಂದರೆ ಏನು ಅಂತ ಹೊಸ ಹುಡುಗರಿಗೆ ಕಣ್ಣಾರೆ ತೋರಿಸಬೇಕಾದರೆ ನಾನು ಆ ಜಾಗವನ್ನೇ ಹೇಳುತ್ತೇನೆ. ದೊಡ್ಡ ಇಳಿತದಲ್ಲಿ ಬಂಡೆ ಬಯಲಾಗುತ್ತದೆ, ಭರತದಲ್ಲಿ ನೀರಿನ ನಡುವೆ ಬರೀ ಗೋಪುರ. ಮುಂಬೈಯಲ್ಲಿ ಹುಣ್ಣಿಮೆಯ ಏರಿಳಿತ ನಾಲ್ಕು ಮೀಟರ್ ದಾಟುವುದುಂಟು. ನಮ್ಮ ಕಾರವಾರದಲ್ಲಿ ಒಂದೂವರೆ ಎರಡು ಮೀಟರ್ ಅಷ್ಟೇ. ಈ "ಅಷ್ಟೇ" ನಮ್ಮವರನ್ನು ಕೆಡಿಸಿದೆ. ಏರಿಳಿತ ಕಣ್ಣಿಗೆ ರಾಚುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ. 2018ರ ಅಕ್ಟೋಬರಿನಲ್ಲಿ ಮುಂಬೈ ಕಡಲಿನಲ್ಲಿ, ಶಿವಾಜಿ ಸ್ಮಾರಕದ ಕಾರ್ಯಕ್ರಮಕ್ಕೆ ಹೊರಟಿದ್ದ ಸ್ಪೀಡ್ ಬೋಟ್ ಬಂಡೆಗೆ ಬಡಿದು ಮುಳುಗಿತು. ಒಬ್ಬರು ತೀರಿಕೊಂಡರು. ಊರಿನ ಎದುರಿಗೇ, ಹಾಡಹಗಲಿನಲ್ಲಿ.

ಹಳೆಯ ತಾಂಡೇಲರ ಮೇಲೆ ನನಗೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಹೊನ್ನಾವರದ ಕಡೆಯ ಒಬ್ಬ ಹಿರಿಯರ ಜೊತೆ ನಾನು ಬೋಟಿನಲ್ಲಿ ಹೋದದ್ದುಂಟು. ಅವರು ಪರದೆ ನೋಡುತ್ತಲೇ ಇರಲಿಲ್ಲ. ದಡದ ದೇವಸ್ಥಾನದ ಶಿಖರ, ಹಿಂದಿನ ಗುಡ್ಡದ ಬೋಳು ಜಾಗ, ಎರಡೂ ಒಂದರ ಹಿಂದೆ ಒಂದು ಬರುವವರೆಗೆ ಕಾದು ಆಮೇಲೆ ಚುಕ್ಕಾಣಿ ತಿರುಗಿಸಿದರು. "ಇಲ್ಲಿ ಕಲ್ಲು ಎಲ್ಲಿದೆ?" ಅಂದೆ. "ಕಲ್ಲು ಎಲ್ಲಿದ್ರೆ ನಮಗೇನು, ನಾವು ಹೋಗುವ ಕಡೆ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಬಲಗಡೆ ಕೈ ತೋರಿಸಿದರು. ನನಗೇನೂ ಕಾಣಲಿಲ್ಲ. "ಕಡಲು ಜೋರಿದ್ದರೆ ಅಲ್ಲಿ ಬಿಳಿ ಏಳ್ತದೆ. ಇವತ್ತು ತಣ್ಣಗಿದೆ, ಅದಕ್ಕೇ ಹೆದರಬೇಕು." ನನ್ನ ಕಡತಗಳನ್ನು ತೆಗೆದು ನೋಡಿದರೂ ಹಾಗೇ ಅನ್ನಿಸುತ್ತದೆ. ಬಿರುಗಾಳಿಯಲ್ಲಿ ಎಂಜಿನ್ ಕೆಟ್ಟು ಬಂಡೆಗೆ ಹೋದ ಬೋಟುಗಳನ್ನು ಬಿಟ್ಟರೆ, ಉಳಿದವು ಬಹಳಷ್ಟು ತಣ್ಣಗಿನ ಕಡಲಿನಲ್ಲಿ ಬಡಿದವು.

ಹಾಗಂತ ಜಿಪಿಎಸ್ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಆ ಹಿರಿಯರ ಗುರುತುಗಳೂ ಈಗ ಮೊದಲಿನಂತಿಲ್ಲ. ಶಿಖರದ ಮುಂದೆ ನಾಲ್ಕು ಅಂತಸ್ತಿನ ಕಟ್ಟಡ ಬಂದಿದೆ, ರಾತ್ರಿ ದಡದ ತುಂಬಾ ದೀಪ. ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಅಡಿಯಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಅದರಿಂದ ಕೇಳಬೇಡಿ. ಬೇರೆ ಬೋಟಿನವರ ಗೆರೆಯನ್ನು ಕಾಪಿ ಮಾಡಿಕೊಳ್ಳುವ ಚಾಳಿ ಒಂದು ಶುರುವಾಗಿದೆ, ಅದಂತೂ ಬೇಡವೇ ಬೇಡ. ಅವನ ಬೋಟಿಗೆ ಎಷ್ಟು ನೀರು ಬೇಕು, ಅವನು ಯಾವ ತಿಥಿಗೆ ಹೋಗಿದ್ದ, ಬೋಟ್ ಖಾಲಿ ಇತ್ತೋ ತುಂಬಿತ್ತೋ, ನಿಮಗೇನು ಗೊತ್ತು?

ವಿಮೆಯ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಎಲ್ಲರೂ ಕೇಳುವುದು ಅದನ್ನೇ. ಪಾಲಿಸಿಯಿಂದ ಪಾಲಿಸಿಗೆ ಷರತ್ತು ಬೇರೆ. ದುಡ್ಡು ಬರುತ್ತದೋ ಇಲ್ಲವೋ ಅಂತ ನಾನು ಇಲ್ಲಿ ಹೇಳಲಾರೆ, ಹೇಳಲೂಬಾರದು. ಆದರೆ ಬೋಟ್ ಬಡಿದರೆ ಮೊದಲು ಗಂಟೆ ಬರೆದಿಡಿ. ಮೀನು ಎಷ್ಟಿತ್ತು ಅಂತ ಬರೆದಿಡಿ. ಜಿಪಿಎಸ್‌ನಲ್ಲಿರುವ ಗೆರೆ ಅಳಿಸಬೇಡಿ. ಹೆದರಿ ಅಳಿಸುವವರಿದ್ದಾರೆ. ಅಳಿಸಿದ ಮೇಲೆ ನಿಮ್ಮ ಪರವಾಗಿ ಹೇಳಲು ನನ್ನ ಹತ್ತಿರವೂ ಏನೂ ಉಳಿಯುವುದಿಲ್ಲ.

ಭರತ-ಇಳಿತದ ಪಟ್ಟಿ ಪ್ರತಿ ವರ್ಷ ಹೊಸದು ಬರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರೂ ಕಡಲಿನ ಮುನ್ಸೂಚನೆ ಕೊಡುತ್ತಾರೆ. ಅದೂ ಸಿಗದಿದ್ದರೆ ಕ್ಯಾಬಿನ್ನಿನಲ್ಲಿ ದೇವರ ಫೋಟೋ ಪಕ್ಕ ಕ್ಯಾಲೆಂಡರ್ ನೇತಾಡುತ್ತಿರುತ್ತದಲ್ಲ, ಅದರಲ್ಲಿ ತಿಥಿ ಇದೆ. ಅಮಾವಾಸ್ಯೆಯಿಂದ ಎಷ್ಟನೇ ದಿನ ಅಂತ ಎಣಿಸಿ, ಅಮಾವಾಸ್ಯೆಯ ದಿನದ ಇಳಿತದ ಹೊತ್ತನ್ನು ದಿನಕ್ಕೆ ಐವತ್ತು ನಿಮಿಷ ಮುಂದಕ್ಕೆ ಹಾಕಿ. ಅಂದಾಜು ಸಿಗುತ್ತದೆ, ಅಂದಾಜು ಮಾತ್ರ. ಮೊನ್ನೆ ಒಂದು ಬೋಟಿನಲ್ಲಿ ಪಟ್ಟಿಯನ್ನೇ ಲ್ಯಾಮಿನೇಟ್ ಮಾಡಿಸಿ ಚುಕ್ಕಾಣಿಯ ಎದುರಿಗೆ ಅಂಟಿಸಿದ್ದರು. ಖುಷಿಯಾಗಿ ಹತ್ತಿರ ಹೋಗಿ ನೋಡಿದೆ. ಮೂರು ವರ್ಷ ಹಿಂದಿನದು. "ಇದು ಹಳೇದಲ್ವಾ?" ಅಂದರೆ ತಾಂಡೇಲ ಹೇಳಿದ, "ಕಡಲು ಅದೇ ಅಲ್ವಾ ಸಾಹೇಬ್ರೆ."