ಟೇಪೆಸ್ಟ್ರಿ: ಅರ್ಧಕ್ಕೇ ತಿರುಗುವ ಹೊಕ್ಕು

ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಜಕಾರ್ಡ್ ಮಗ್ಗದಲ್ಲಿ ನೇಯ್ದ ಗೋಡೆಚಿತ್ರಕ್ಕೆ ‘ಟೇಪೆಸ್ಟ್ರಿ’ ಅಂತ ಚೀಟಿ ಅಂಟಿಸಿದ್ದರು. ಪಕ್ಕದ ಪ್ರಿಂಟ್ ಬಟ್ಟೆಗೂ ಅದೇ ಚೀಟಿ. ಬೇರೆ ಊರಾಗಿದ್ದರೆ ಸುಮ್ನೆ ಬರ್ತಿದ್ದೆ. ಚಾದರಕ್ಕೆ ಹೆಸರಾದ ಊರಲ್ಲಿ ಹೀಗಾದರೆ ಬೇಜಾರಾಗುತ್ತದೆ.

ಟೇಪೆಸ್ಟ್ರಿ ಅನ್ನುವುದು ನೇಯುವ ಒಂದು ಬಗೆ. ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಬಟ್ಟೆಗೆ ಆ ಹೆಸರು ಬರುವುದಿಲ್ಲ. ಇದು ತಿಳಿಯಲು ನಮ್ಮ ‘ಹಾಸುಹೊಕ್ಕು’ ಸಾಕು. ‘ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಅಂತ ಬರೆದೂ ಬರೆದೂ ಅದು ಮಗ್ಗದ ಮಾತು ಅನ್ನುವುದೇ ಮರೆತುಹೋಗಿದೆ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು ಹಾಸು. ಅದರ ನಡುವೆ ಅಡ್ಡಡ್ಡ ಹೊಗುವ ನೂಲು ಹೊಕ್ಕು. ಸಾದಾ ಬಟ್ಟೆಯಲ್ಲಿ ಹೊಕ್ಕು ಈ ಅಂಚಿನಿಂದ ಆ ಅಂಚಿನವರೆಗೂ ಹೋಗುತ್ತದೆ. ಟೇಪೆಸ್ಟ್ರಿಯಲ್ಲಿ ಕೆಂಪು ಹೊಕ್ಕು ಕೆಂಪು ಬೇಕಾದಷ್ಟೇ ದೂರ ಹೋಗಿ ಅಲ್ಲಿಂದಲೇ ತಿರುಗುತ್ತದೆ. ಪಕ್ಕದ ಹಸಿರಿಗೆ ನೂಲು ಸುತ್ತಿದ ಬೇರೆ ಕಂಡಿಕೆ. ಹೊಕ್ಕನ್ನು ಒತ್ತಿ ಒತ್ತಿ ಕೂರಿಸುವುದರಿಂದ ಹಾಸು ಮುಚ್ಚಿಹೋಗುತ್ತದೆ. ಹೊಕ್ಕೇ ಚಿತ್ರವಾಗುತ್ತದೆ. ಕೆಲಸ ನಿಧಾನ, ಬೆಲೆಯೂ ಜಾಸ್ತಿ.

ಕೈಯಲ್ಲಿ ನೇಯ್ದ ಪೈಠಣಿ ಸೀರೆಯ ಸೆರಗನ್ನು ತಿರುಗಿಸಿ ನೋಡಿ. ನವಿಲು ಎರಡೂ ಕಡೆ ಒಂದೇ ಥರ ಕಾಣುತ್ತದೆ. ಬಣ್ಣದ ನೂಲುಗಳು ಆಯಾ ಜಾಗದಲ್ಲೇ ತಿರುಗಿ, ಪಕ್ಕದ ನೂಲಿಗೆ ಕೊಂಡಿ ಹಾಕಿಕೊಂಡಿರುತ್ತವೆ. ಮದುವೆಮನೆಯಲ್ಲಿ ದಿನವೂ ನೋಡುವ ಈ ನೇಯ್ಗೆ ಟೇಪೆಸ್ಟ್ರಿಯೇ. ಅದನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ!

ಜಕಾರ್ಡಿನ ದಾರಿ ಬೇರೆ. ಅದು ತೂತಿನ ಕಾರ್ಡುಗಳ ಲೆಕ್ಕದಂತೆ ಹಾಸಿನ ಎಳೆಗಳನ್ನು ಎತ್ತುತ್ತದೆ, ಹೊಕ್ಕು ಅಂಚಿನಿಂದ ಅಂಚಿಗೆ ಓಡುತ್ತದೆ. ನಮ್ಮ ಚಾದರ ಅರಳಿದ್ದು ಹಾಗೆ. ಅದಕ್ಕೆ ಸಾಲ ತಂದ ಹೆಸರು ಯಾಕೆ? ಫ್ರಾನ್ಸಿನ ಹೆಸರಾಂತ ‘ಬಾಯೂ ಟೇಪೆಸ್ಟ್ರಿ’ ಕೂಡ ಸುಮಾರು 70 ಮೀಟರ್ ಉದ್ದದ ಕಸೂತಿ. ಈ ತಪ್ಪು ನಮ್ಮ ಊರಿನದಷ್ಟೇ ಅಲ್ಲ.

‘ಈಗಿನ ಡಿಸೈನರುಗಳೇ ನಿಯಮ ಮುರಿದಿದ್ದಾರಲ್ಲ’ ಅನ್ನುತ್ತಾರೆ. ಮುರಿದಿದ್ದಾರೆ, ನಿಯಮ ಕೈಗೆ ಹತ್ತಿದ ಮೇಲೆ. ಪೋಲೆಂಡಿನ ಕಲಾವಿದೆ ಮಗ್ದಲೇನಾ ಅಬಕಾನೋವಿಚ್ 1960ರ ದಶಕದಲ್ಲಿ ಹಳೆಯ ಹಗ್ಗ ಬಿಚ್ಚಿ, ಆ ಕತ್ತಾಳೆ ನಾರಿನಲ್ಲಿ ಭಾರೀ ಗಾತ್ರದ ನೇಯ್ಗೆ ಮಾಡಿ ಸೂರಿನಿಂದ ಇಳಿಬಿಟ್ಟರು. ಮುಂಬಯಿಯ ನೇಯ್ಗೆ ಕಲಾವಿದೆ ಮೋನಿಕಾ ಕೊರಿಯಾ ಕೈ ಹಾಕಿದ್ದು ಹಣಿಗೆಗೆ. ಹಾಸಿನ ಎಳೆಗಳನ್ನು ಸಮ ಅಂತರದಲ್ಲಿ ಹಿಡಿಯುವುದು ಅದು. ಅವರು ನೇಯುತ್ತಾ ನಡುವೆ ಅದನ್ನೇ ತೆಗೆದುಬಿಡುತ್ತಾರೆ. ಆಗ ನೆಟ್ಟಗೆ ನಿಂತಿದ್ದ ಹಾಸು ಸಡಿಲಾಗಿ, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಓಲಾಡುತ್ತದೆ.