ಧರಣಿಯ ಚಪ್ಪರದಿಂದ ವಿಧಾನಸೌಧಕ್ಕೆ: ಚಳವಳಿಯ ಶಾಸಕರ ಪ್ರಭಾವ ಬೆಳೆಯುವುದೆಲ್ಲಿ, ಸೋರುವುದೆಲ್ಲಿ

ಸಾಮಾಜಿಕ ಚಳವಳಿಗಳ ಅಧ್ಯಾಯ ಬಂದಾಗಲೆಲ್ಲ ಪರೀಕ್ಷೆಗೆ ಓದುವ ನಾವು ರೈತ ಬಂಡಾಯದ ಉದಾಹರಣೆಯಾಗಿ ‘ನರಗುಂದ, ನವಲಗುಂದ, 1980’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಚಿಕ್ಕಬಳ್ಳಾಪುರದಲ್ಲಿ ಕುಳಿತು ಓದುವವರು ಉದಾಹರಣೆಗಾಗಿ ಮಲಪ್ರಭಾ ತೀರಕ್ಕೇ ಹೋಗಬೇಕಿಲ್ಲ. ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಬಾಗೇಪಲ್ಲಿ ಸಿಗುತ್ತದೆ. ವಿದ್ಯಾರ್ಥಿ ಚಳವಳಿಯಿಂದ ಬಂದ ಜಿ.ವಿ. ಶ್ರೀರಾಮರೆಡ್ಡಿ ಸಿಪಿಐ(ಎಂ) ಅಭ್ಯರ್ಥಿಯಾಗಿ 1994ರಲ್ಲಿ ಮತ್ತು 2004ರಲ್ಲಿ ಗೆದ್ದ ಕ್ಷೇತ್ರ ಅದು. ಹಣ, ಜಾತಿಬಲ, ದೊಡ್ಡ ಪಕ್ಷಗಳ ಟಿಕೆಟ್ ಇವೇ ಚುನಾವಣೆ ಎನ್ನುವವರು ಈ ಎರಡು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾತನಾಡಬೇಕು.

ಈ ಟಿಪ್ಪಣಿಯ ಪ್ರಶ್ನೆ ಗೆಲುವಿನ ನಂತರದ್ದು. ಹೋರಾಟದಿಂದ ಬಂದ ಹೊಸ ಶಾಸಕರ ‘ಪ್ರಭಾವ ಹೆಚ್ಚುತ್ತಿದೆ’ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಆ ಪ್ರಭಾವ ಎಲ್ಲಿಂದ ಬರುತ್ತದೆ?

ಮೊದಲು ಸಂಖ್ಯೆಯ ಲೆಕ್ಕ ಮುಗಿಸೋಣ. 224 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ 113 ಬೇಕು. 1994ರಲ್ಲಿ ಜನತಾದಳ ಒಂದೇ 115 ಗೆದ್ದಿತ್ತು. 2004ರಲ್ಲಿ ಕಾಂಗ್ರೆಸ್ 65, ಜೆಡಿಎಸ್ 58, ಎರಡೂ ಕೂಡಿ 123. ಅಂದರೆ ಎರಡು ಬಾರಿಯೂ ಬಾಗೇಪಲ್ಲಿಯ ಆ ಒಂದು ಮತ ಇಲ್ಲದೆಯೂ ಸರ್ಕಾರ ನಡೆಯುತ್ತಿತ್ತು. ಇದಕ್ಕೆ ವಿರುದ್ಧ ಚಿತ್ರ ಬೇಕಿದ್ದರೆ ಪಕ್ಕದ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. 2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು. ಪಾವಗಡದಿಂದ ಪಕ್ಷೇತರರಾಗಿ ಗೆದ್ದಿದ್ದ ವೆಂಕಟರಮಣಪ್ಪ ಸೇರಿ ಐವರು ಪಕ್ಷೇತರರು ಮಂತ್ರಿಗಳಾದರು. ಮೂರು ಸ್ಥಾನಗಳ ಕೊರತೆಗೆ ಸಿಕ್ಕ ಬೆಲೆ ಅದು. ಈ ಬಗೆಯ ಪ್ರಭಾವ ಕೊರತೆ ತುಂಬುವವರೆಗೆ ಮಾತ್ರ ಬಾಳುತ್ತದೆ. ಚಳವಳಿಯ ಶಾಸಕರಿಗೆ ಇದು ಸಿಗುವುದೇ ಅಪರೂಪ. ಸಿಕ್ಕರೂ ಅದರಿಂದ ಚಳವಳಿಗೆ ದಕ್ಕುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಂತ್ರಿಯಾದವರು ಸಂಪುಟದ ಸಾಮೂಹಿಕ ಹೊಣೆಗೆ, ಅಂದರೆ ಸಂಪುಟದ ತೀರ್ಮಾನವನ್ನು ಎಲ್ಲರೂ ಸಮರ್ಥಿಸಬೇಕೆಂಬ ಕಟ್ಟಿಗೆ, ಒಳಗಾಗುತ್ತಾರೆ.

ಸದನದೊಳಗಿನ ಅಸ್ತ್ರಗಳು

ಒಬ್ಬಂಟಿ ಶಾಸಕರ ಕೈಯಲ್ಲಿರುವ ನಿಜವಾದ ಅಸ್ತ್ರ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆ ಇಲ್ಲ. ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ ಇವೆಲ್ಲ ನಮ್ಮ ಪಠ್ಯದಲ್ಲೇ ಇವೆ, ಇಲ್ಲಿ ಬಿಡುತ್ತೇನೆ. ಪಠ್ಯ ಹೇಳದ ಸಂಗತಿ, ಪ್ರಶ್ನೆಯನ್ನು ಹೆಣೆಯುವ ಕಲೆ.

ಬಾಗೇಪಲ್ಲಿ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಇದರ ಬಗ್ಗೆ ಒಬ್ಬರು ‘ಕುಡಿಯುವ ನೀರಿನ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳುತ್ತಾರೆ. ‘ಬಂದಿದೆ’ ಎಂದು ಉತ್ತರ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಇನ್ನೊಬ್ಬರು ಹೀಗೆ ಕೇಳುತ್ತಾರೆ: ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ಊರುಗಳು ಯಾವುವು, ಅಲ್ಲಿ ಶುದ್ಧೀಕರಣ ಘಟಕಗಳಿವೆಯೇ, ಇಂದು ಕೆಲಸ ಮಾಡುತ್ತಿರುವುದು ಯಾವುದು, ನಿರ್ವಹಣೆಯ ಗುತ್ತಿಗೆ ಯಾರದು, ಎಂದಿಗೆ ಮುಗಿಯುತ್ತದೆ? ಈ ಪ್ರಶ್ನೆಗೆ ಅಧಿಕಾರಿಗಳು ಊರೂರಿನ ಪಟ್ಟಿ ಮಾಡಲೇಬೇಕು. ಪಟ್ಟಿಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದ ಘಟಕಕ್ಕೆ ತುಕ್ಕು ಹಿಡಿದ ಬೀಗ ಬಿದ್ದಿದ್ದರೆ, ಅದನ್ನು ಮರುದಿನವೇ ಹೇಳುವ ಜನ ಚಳವಳಿಯವರ ಬಳಿ ಹಳ್ಳಿಹಳ್ಳಿಯಲ್ಲಿ ಇರುತ್ತಾರೆ. ದೊಡ್ಡ ಪಕ್ಷದ ಮೊದಲ ಬಾರಿಯ ಶಾಸಕರಿಗಿಂತ ಇವರು ಮುಂದಿರುವುದು ಇಲ್ಲಿ. ಭಾಷಣ ಯಾರು ಬೇಕಾದರೂ ಮಾಡಬಹುದು.

ಮಂತ್ರಿ ಸದನದಲ್ಲಿ ‘ಕ್ರಮ ಕೈಗೊಳ್ಳುತ್ತೇವೆ’ ಎಂದರೆ ಅದು ದಾಖಲಾಗುತ್ತದೆ, ಅಂಥ ಮಾತುಗಳ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರದ ಪ್ರತಿ ಹಳ್ಳಿಗೆ ಹೋಗುತ್ತದೆ, ಧರಣಿಯ ಮುಂದಿನ ಬೇಡಿಕೆಪತ್ರದಲ್ಲಿ ಸರ್ಕಾರದ್ದೇ ಅಂಕಿ ಸಾಕ್ಷಿಯಾಗಿ ಕೂರುತ್ತದೆ. ಶಾಸಕರು ಮತ್ತು ಬೀದಿಯ ಹೋರಾಟ ಹೀಗೆ ಪರಸ್ಪರ ಕೈಜೋಡಿಸಿದಾಗ ಒಂದು ಸ್ಥಾನದ ತೂಕ ಹೆಚ್ಚುತ್ತದೆ.

ತಾಲ್ಲೂಕು ಕಚೇರಿಯ ಮೇಜು

ನಾವೆಲ್ಲ ನಿಧಾನವಾಗಿ ಓದಬೇಕಾದ ಭಾಗ ಇದು.

ಗೆದ್ದ ಕೂಡಲೇ ಶಾಸಕರಿಗೆ ತಾಲ್ಲೂಕಿನಲ್ಲಿ ಹಲವು ಕುರ್ಚಿಗಳು ತಾವಾಗಿ ಸಿಗುತ್ತವೆ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯ ಅಧ್ಯಕ್ಷತೆ, ಮನೆ-ನಿವೇಶನದ ಆಶ್ರಯ ಸಮಿತಿ, ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ. ಇವೆಲ್ಲಕ್ಕಿಂತ ದೊಡ್ಡದು ಬಗರ್‌ಹುಕುಂ ಸಾಗುವಳಿ ಸಕ್ರಮ ಸಮಿತಿ. ಕರ್ನಾಟಕ ಭೂಕಂದಾಯ ಕಾಯ್ದೆಯ 94ಎ ಕಲಂ ಅಡಿ ರಚನೆಯಾಗುವ ಈ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಉಳುಮೆ ಮಾಡಿಕೊಂಡು ಬಂದವರು ನಮೂನೆ 50, 53, ಕೊನೆಗೆ 57ರಲ್ಲಿ ಅರ್ಜಿ ಹಾಕಿದ್ದಾರೆ. ನಮೂನೆ 57ಕ್ಕೆ 2005ರ ಜನವರಿ 1ಕ್ಕೂ ಮೊದಲಿನ ಸಾಗುವಳಿ ತೋರಿಸಬೇಕು.

ಈಗ ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳಿ. ಎರಡು ಎಕರೆ, ಗೋಮಾಳದ ಸರ್ವೆ ನಂಬರ್, ತಂದೆಯ ಕಾಲದಿಂದ ರಾಗಿ, ಹುರುಳಿ. ಚಳವಳಿಯ ವೇದಿಕೆಯಿಂದ ನೋಡಿದರೆ ನ್ಯಾಯ ಕಣ್ಣೆದುರೇ ಇದೆ: ಉಳುವವರಿಗೆ ಭೂಮಿ. ಸಮಿತಿಯ ಮೇಜಿನ ಮೇಲೆ ಬೇರೆ ಲೆಕ್ಕ ತೆರೆದುಕೊಳ್ಳುತ್ತದೆ. ನಿಯಮದ ಪ್ರಕಾರ ಊರಿನ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಉಳಿಸಬೇಕು. ಹೆಚ್ಚುವರಿ ಇದ್ದರೆ ಮಾತ್ರ ಮಂಜೂರಾತಿ. ಜಾನುವಾರು ಗಣತಿ ತನ್ನಿ, ನಕ್ಷೆ ತನ್ನಿ, ಅರಣ್ಯ ಇಲಾಖೆಯ ತಕರಾರು ಇಲ್ಲವೆಂಬ ಪತ್ರ ತನ್ನಿ, ಪಟ್ಟಣದಿಂದ ಎಷ್ಟು ದೂರ ಹೇಳಿ. ನಿನ್ನೆಯವರೆಗೆ ‘ಎಲ್ಲರಿಗೂ ಸಾಗುವಳಿ ಚೀಟಿ ಕೊಡಿ’ ಎಂದು ಕಚೇರಿಯ ಮುಂದೆ ಕುಳಿತಿದ್ದವರು ಇಂದು ಒಳಗೆ ಕುಳಿತು ‘ಇದು ಆಗುತ್ತದೆ, ಇದು ಆಗುವುದಿಲ್ಲ’ ಎನ್ನಬೇಕಾಗುತ್ತದೆ.

ಪತ್ರಿಕೆಗಳು ಇದನ್ನೇ ಪ್ರಭಾವ ಎನ್ನುವುದು. ಶಾಸಕರ ಮನೆಯ ಮುಂದೆ ಬೆಳಗಿನ ಸಾಲು ಉದ್ದವಾಗುತ್ತದೆ, ಫೋನ್ ಮಾಡಿದರೆ ಅಧಿಕಾರಿ ಎದ್ದುನಿಂತು ಮಾತನಾಡುತ್ತಾನೆ. ಆದರೆ ಚಳವಳಿಯ ಕಡೆಯಿಂದ ನೋಡಿ: ಒಟ್ಟಾಗಿ ಬೇಡಿಕೆ ಇಟ್ಟಿದ್ದ ಜನ ಈಗ ಒಬ್ಬೊಬ್ಬರೇ ಅರ್ಜಿದಾರರು. ಚೀಟಿ ಸಿಕ್ಕವರು ಪೋಡಿ (ಜಮೀನಿನ ಅಳತೆ, ವಿಂಗಡಣೆ), ಪಹಣಿಯ ಓಡಾಟದಲ್ಲಿ ಮುಳುಗುತ್ತಾರೆ. ಸಿಗದವರಿಗೆ ಪಕ್ಕದ ಮನೆಯವರ ಮೇಲೆ ಅನುಮಾನ. ಶಾಸಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಒಡಕು ತಪ್ಪುವುದಿಲ್ಲ, ಏಕೆಂದರೆ ಅದು ಆ ಕುರ್ಚಿಯ ರಚನೆಯಲ್ಲೇ ಇದೆ. ತಾಲ್ಲೂಕಿನಲ್ಲಿ ಪ್ರಭಾವ ಏರಿದಷ್ಟೂ ಬೆನ್ನ ಹಿಂದಿನ ಸಂಘಟನೆ ಸಡಿಲವಾಗುತ್ತದೆ. ಪರೀಕ್ಷೆಯಲ್ಲಿ ‘ಚಳವಳಿಗಳ ಸಾಂಸ್ಥೀಕರಣ’ದ, ಅಂದರೆ ಚಳವಳಿ ಸರ್ಕಾರಿ ವ್ಯವಸ್ಥೆಯೊಳಗೆ ಸೇರಿಹೋಗುವುದರ, ಪ್ರಶ್ನೆ ಬಂದರೆ, ವಿದ್ವಾಂಸರ ವ್ಯಾಖ್ಯಾನ ಉರು ಹೊಡೆಯುವ ಬದಲು ಈ ಮೇಜನ್ನೇ ವಿವರಿಸಿ ಬರೆಯಿರಿ.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಅರ್ಜಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸುವುದು, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೊಡಿಸುವುದು, ಗೋಮಾಳದ ನಿಯಮ ಬದಲಾಗಬೇಕಿದ್ದರೆ ಅದನ್ನು ಸದನಕ್ಕೆ ಒಯ್ಯುವುದು. ಹಾಗೆ ಮಾಡಿದರೆ ತಾಲ್ಲೂಕಿನ ಜಗಳ ಮತ್ತೆ ಸರ್ಕಾರದ ಕಡೆಗೆ ತಿರುಗುತ್ತದೆ.

ನೆಲೆ ಕರಗಿದರೆ

ಕೋಲಾರದ ಕೆಜಿಎಫ್ ಇನ್ನೊಂದು ಪಾಠ. ಚಿನ್ನದ ಗಣಿಯ ಕಾರ್ಮಿಕ ಸಂಘಗಳು ಬಲವಾಗಿದ್ದ ಕಾಲದಲ್ಲಿ ಅಲ್ಲಿಂದ ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು ವಿಧಾನಸಭೆಗೆ ಬಂದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿಯೇ ಇಲ್ಲದ ಊರಿನಲ್ಲಿ ಗೇಟಿನ ಮುಂದೆ ಸಭೆ ಯಾರಿಗೆ? ದುಡಿಯುವವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ನಾಯಕರ ಗುಣದೋಷಗಳ ಚರ್ಚೆಗೆ ಇಳಿಯುವ ಮೊದಲು ನೆಲೆಯ ಅರ್ಥವ್ಯವಸ್ಥೆಯನ್ನು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ನೀರಿನ ಹೋರಾಟ ತಿರುವುಮುರುವಾದ ಪ್ರಕರಣ. 2016ರ ಮಾರ್ಚ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿನತ್ತ ಹೊರಟಾಗ ಅವರ ಪರವಾಗಿ ಮಾತನಾಡಲು ಸದನದಲ್ಲಿ ಹೋರಾಟ ಸಮಿತಿಯದೇ ಶಾಸಕರಿರಲಿಲ್ಲ. ಆದರೂ ಶಾಶ್ವತ ನೀರಾವರಿಯ ಬಗ್ಗೆ ಮಾತನಾಡದೆ ಈ ಎರಡು ಜಿಲ್ಲೆಗಳಲ್ಲಿ ಮತ ಕೇಳುವುದು ಯಾವ ಪಕ್ಷಕ್ಕೂ ಕಷ್ಟವಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು, ಕೋಲಾರದ ಕೆರೆಗಳಿಗೆ ಹರಿಯಿತು. ಕೆರೆ ತುಂಬಿತಲ್ಲ ಎಂದು ಒಂದು ಗುಂಪು ಸಂತೋಷಪಟ್ಟಿತು, ಮೂರನೇ ಹಂತದ, ಅಂದರೆ ಇನ್ನೂ ಹೆಚ್ಚಿನ, ಶುದ್ಧೀಕರಣ ಆಗಲೇಬೇಕೆಂದು ಇನ್ನೊಂದು ಗುಂಪು ನ್ಯಾಯಾಲಯಕ್ಕೆ ಹೋಯಿತು. ಬೇಡಿಕೆ ಅರ್ಧ ಈಡೇರಿದಾಗ ಹೋರಾಟಗಾರರ ನಡುವೆ ಜಗಳ ಏಳುವುದು ಸಹಜ. ಆ ಹೊತ್ತಿನಲ್ಲಿ ಒಬ್ಬ ಶಾಸಕರಿದ್ದಿದ್ದರೆ ಯಾವ ಕಡೆ ನಿಲ್ಲಬೇಕಿತ್ತು ಎಂಬುದು ನಮ್ಮ ಚರ್ಚೆಗೆ ಒಳ್ಳೆಯ ವಿಷಯ.

ಹೋಲಿಕೆಗೆ ಇನ್ನು ಕೆಲವು ಹೆಸರುಗಳು: ರೈತಸಂಘದಿಂದ ಪಾಂಡವಪುರದಲ್ಲಿ 1994ರಲ್ಲಿ, ಮೇಲುಕೋಟೆಯಲ್ಲಿ 2013ರಲ್ಲಿ ಗೆದ್ದ ಕೆ.ಎಸ್. ಪುಟ್ಟಣ್ಣಯ್ಯ, ಊನಾದಲ್ಲಿ ದಲಿತರ ಮೇಲಾದ ಹಲ್ಲೆಯ ವಿರುದ್ಧದ ಹೋರಾಟದ ನಂತರ 2017ರಲ್ಲಿ ಗುಜರಾತಿನ ವಡಗಾಂನಿಂದ ಪಕ್ಷೇತರರಾಗಿ ಬಂದ ಜಿಗ್ನೇಶ್ ಮೇವಾನಿ, 2021ರಲ್ಲಿ ಜೈಲಿನಲ್ಲಿದ್ದುಕೊಂಡೇ ಅಸ್ಸಾಮಿನ ಶಿವಸಾಗರ ಗೆದ್ದ ಅಖಿಲ್ ಗೊಗೊಯ್.

ಹತ್ತನೇ ಅನುಸೂಚಿ, ಮರೆಯಬೇಡಿ

ಸಂವಿಧಾನದ ಈ ಪಕ್ಷಾಂತರ ನಿಷೇಧದ ಅನುಸೂಚಿಯ ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ. ಸರ್ಕಾರಕ್ಕೆ ಬೆಂಬಲ ಕೊಟ್ಟರೆ, ಮಂತ್ರಿಯಾದರೂ ಸಹ, ಅಷ್ಟರಿಂದಲೇ ಪಕ್ಷ ಸೇರಿದಂತಲ್ಲ. ಮೇಲೆ ಹೇಳಿದ ಐವರು ಪಕ್ಷೇತರರನ್ನು 2010ರ ಅಕ್ಟೋಬರ್‌ನಲ್ಲಿ ಸಭಾಧ್ಯಕ್ಷರು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಅಭ್ಯಾಸಕ್ಕೆ: ನಿಮ್ಮ ತಾಲ್ಲೂಕಿನ ಒಂದು ಹಳೆಯ ಬೇಡಿಕೆಯನ್ನು ಆರಿಸಿ, ಅದರ ಮೇಲೆ ನಾಲ್ಕು ಭಾಗಗಳ ಒಂದು ಚುಕ್ಕೆ ಗುರುತಿನ ಪ್ರಶ್ನೆ ಬರೆಯಿರಿ. ‘ಗಮನಕ್ಕೆ ಬಂದಿದೆಯೇ’ ಎಂಬ ಮಾತು ಅದರಲ್ಲಿ ಬರಬಾರದು.