ಲೈನ್ ಮನೆಯಲ್ಲಿ ಒಬ್ಬರಿಗೆ ಕುಷ್ಠ ಬಂದಿದೆ, ನಮಗೂ ಬರುತ್ತಾ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತೋಟದ ಲೈನ್ ಮನೆಯ ಒಬ್ಬ ಹೆಂಗಸಿಗೆ ಕುಷ್ಠ ಅಂತ ಡಾಕ್ಟರ್ ಹೇಳಿದ್ದಾರೆ. ಎರಡು ವರ್ಷದಿಂದ ಜೊತೆಯಲ್ಲೇ ಕಾಫಿ ಕೊಯ್ಯುತ್ತೇವೆ, ಒಟ್ಟಿಗೆ ಕೂತು ಊಟ ಮಾಡುತ್ತೇವೆ. ನಮಗೂ ಅಂಟುತ್ತಾ? ಅವರನ್ನು ಊರಿಗೆ ಕಳಿಸಿ ಅಂತ ಕೆಲವರು ಮೇಸ್ತ್ರಿಗೆ ಹೇಳುತ್ತಿದ್ದಾರೆ."

ದಯವಿಟ್ಟು ಕಳಿಸಬೇಡಿ.

ಜೊತೆಗೆ ಕೂತು ಉಂಡರೆ, ಕೈ ಮುಟ್ಟಿದರೆ, ಒಂದೇ ಚೀಲ ಹಿಡಿದರೆ ಕುಷ್ಠ ಬರುವುದಿಲ್ಲ. ಇದು ಪಾಪದ ಫಲವೂ ಅಲ್ಲ, ನಾಗದೋಷವೂ ಅಲ್ಲ. ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ 1873ರಲ್ಲೇ ನಾರ್ವೆಯ ಡಾಕ್ಟರ್ ಹ್ಯಾನ್ಸೆನ್ ಕಂಡುಹಿಡಿದರು. ಔಷಧಿ ತಗೊಳ್ಳದ ರೋಗಿಯ ಮೂಗು, ಬಾಯಿಯ ಹನಿಗಳಿಂದ ಇದು ಹರಡುತ್ತದೆ, ಅದೂ ತಿಂಗಳುಗಟ್ಟಲೆ ತೀರಾ ಹತ್ತಿರದಲ್ಲಿ ಇದ್ದರೆ. ಹಾಗಿದ್ದರೂ ನೂರರಲ್ಲಿ ಸುಮಾರು 95 ಜನರ ದೇಹ ತಾನಾಗಿಯೇ ತಡೆದುಬಿಡುತ್ತದೆ. ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ಹರಡುವುದು ನಿಲ್ಲುತ್ತದೆ. ಈಗ ಆಕೆಯನ್ನು ಓಡಿಸಿದರೆ ಆಕೆಯ ಮಾತ್ರೆ ತಪ್ಪುತ್ತದೆ, ಅದನ್ನು ನೋಡಿದ ಇನ್ನೊಬ್ಬರು ತಮ್ಮ ಮಚ್ಚೆಯನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಕಾಯಿಲೆ ಹರಡುವುದು ಅಲ್ಲಿಂದ.

ಆದರೆ ನೀವು ಒಮ್ಮೆ ಮೈ ನೋಡಿಸಿಕೊಳ್ಳಿ. ಇದು ತುಂಬಾ ನಿಧಾನದ ಕಾಯಿಲೆ, ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5 ವರ್ಷ ಬೇಕು, ಕೆಲವರಿಗೆ 20 ವರ್ಷವೂ ಆಗುತ್ತದೆ. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಗಿನ ಮಚ್ಚೆ ಇದ್ದು, ಕಣ್ಣು ಮುಚ್ಚಿ ಅಲ್ಲಿ ಪೆನ್ ತುದಿ ತಾಗಿಸಿದಾಗ ಗೊತ್ತಾಗದಿದ್ದರೆ ಆಸ್ಪತ್ರೆಗೆ ಹೋಗಿ. ಪೂರ್ತಿ ಬೆಳ್ಳಗಾಗುವ ತೊನ್ನು ಬೇರೆ, ಅದರಲ್ಲಿ ಸ್ಪರ್ಶ ಚೆನ್ನಾಗಿ ಗೊತ್ತಾಗುತ್ತದೆ, ಅದು ಅಂಟುವುದೂ ಇಲ್ಲ. ಹತ್ತಿರದಲ್ಲಿ ಇದ್ದವರಿಗೆ ಮುನ್ನೆಚ್ಚರಿಕೆಯಾಗಿ ಒಂದೇ ಸಲದ ರಿಫಾಂಪಿಸಿನ್ ಮಾತ್ರೆ ಕೊಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಆಕೆಗೆ ಕೊಡುವುದು ಎಂಡಿಟಿ, ಅಂದರೆ ಹಲವು ಔಷಧಿಗಳನ್ನು ಸೇರಿಸಿದ ಮಾತ್ರೆ. ಕಾಯಿಲೆ ಎಷ್ಟಿದೆ ಅನ್ನುವುದರ ಮೇಲೆ 6 ಅಥವಾ 12 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮೂತ್ರ ಕೆಂಪಗಾಗಬಹುದು, ಮೈ ಸ್ವಲ್ಪ ಕಪ್ಪಾಗಬಹುದು, ಹೆದರಬೇಡಿ. ನಡುವೆ ಮಚ್ಚೆ ಊದಿಕೊಂಡು ಕೆಂಪಾದರೆ, ನರ ನೋವು ಬಂದರೆ ಮಾತ್ರೆ ನಿಲ್ಲಿಸದೆ ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು. ಕೊಯ್ಲು ಮುಗಿದು ಬೇರೆ ಊರಿಗೆ ಹೋಗುವುದಾದರೆ ಚಿಕಿತ್ಸೆಯ ಕಾರ್ಡ್ ಜೊತೆಯಲ್ಲೇ ಇರಲಿ, ಅಲ್ಲಿ ಮುಂದುವರಿಸಬಹುದು.

ಬೆರಳು ಉದುರುತ್ತದೆ ಅಂತಾರಲ್ವಾ, ಅದು ಹಾಗಲ್ಲ. ಬ್ಯಾಕ್ಟೀರಿಯಾ ನರಗಳನ್ನು ಕೆಡಿಸುತ್ತದೆ, ನೋವು ಗೊತ್ತಾಗುವುದಿಲ್ಲ. ನಮ್ಮ ಕೊಡಗಿನ ಮಳೆಗಾಲದಲ್ಲಿ ಒಲೆ ಮುಂದೆ ಚಳಿ ಕಾಯಿಸುವಾಗ ಕಾಲು ಸುಟ್ಟರೂ ತಿಳಿಯುವುದಿಲ್ಲ. ಗಾಯ ಆಗುತ್ತದೆ, ಕೀವಾಗುತ್ತದೆ, ಮತ್ತೆ ಮತ್ತೆ ಹೀಗಾಗಿ ಬೆರಳು ಸವೆಯುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಪೂರ್ತಿ ಕೆಟ್ಟ ನರ ಸರಿಹೋಗುವುದು ಕಷ್ಟ, ಅದಕ್ಕೇ ಬೇಗ ತೋರಿಸಿ ಅನ್ನುವುದು.

ಕುಷ್ಠ ಇದೆ ಅನ್ನುವ ಕಾರಣಕ್ಕೆ ಡೈವೋರ್ಸ್ ಕೇಳುವ ಅವಕಾಶವನ್ನೂ 2019ರಲ್ಲಿ ಕಾನೂನಿನಿಂದ ತೆಗೆದುಹಾಕಿದ್ದಾರೆ. ಮೇಸ್ತ್ರಿಗೆ ಇದನ್ನೂ ಹೇಳಿ.

ಕೆಲಸ ಬಿಟ್ಟ ಮೇಲೆ ಆಕೆ ಗಮ್‌ಬೂಟ್ ಬಿಚ್ಚಿ ಪಾದದ ಅಡಿಯಲ್ಲಿ ಮುಳ್ಳು, ಬೊಬ್ಬೆ ಇದೆಯಾ ಅಂತ ದಿನಾ ನೋಡಿಕೊಳ್ಳಬೇಕು. ಆಕೆಗೆ ಸರಿಯಾಗಿ ಕಾಣದಿದ್ದರೆ ನೀವೇ ಕಾಲು ಹಿಡಿದು ನೋಡಿ.